ಮೈದಾಕ್ಕೆ ಹೆದರಿ ಚಮಕಿ ತಿನ್ನುತ್ತಿದ್ದೇವೆಯೇ? ಮನೆಯ ಕೇಕ್, ಹಬ್ಬದ ಅಲಂಕಾರ ಮತ್ತು ಫಾರ್ವರ್ಡ್‌ಗಳು

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಒಂದು, "ಓವನ್ ಇಲ್ಲದೆ ಕುಕ್ಕರ್‌ನಲ್ಲೇ ಕೇಕ್ ಮಾಡಿ", "ಮನೆಯಲ್ಲೇ ನಕ್ಷತ್ರ, ಗೋದಲಿ ಮಾಡಿ" ಎನ್ನುವ ವಿಡಿಯೋಗಳು. ಇನ್ನೊಂದು, "ಮೈದಾ ತಿಂದರೆ ಸಕ್ಕರೆ ಕಾಯಿಲೆ ಗ್ಯಾರಂಟಿ", "ಕೇಕ್ ತಿಂದರೆ ಕ್ಯಾನ್ಸರ್, ಎಲ್ಲರಿಗೂ ತಿಳಿಸಿ" ಎನ್ನುವ ಎಚ್ಚರಿಕೆಗಳು.

ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಮನೆಯಲ್ಲೇ ಕೇಕ್ ಮಾಡಿ ಅಕ್ಕಪಕ್ಕದ ಮನೆಗಳಿಗೆ ಹಂಚುವ ಓದುಗರೊಬ್ಬರು ನಮಗೆ ಇಂಥದ್ದೇ ಒಂದು ಫಾರ್ವರ್ಡ್ ಕಳಿಸಿದ್ದರು. ಮೈದಾದಲ್ಲಿ ವಿಷವಿದೆ ಎಂಬ ಸಂದೇಶ ಅದು. "ಇದನ್ನು ಓದಿದ ಮೇಲೆ ಅತ್ತೆ ಈ ಸಲ ಕೇಕ್ ಮಾಡುವುದೇ ಬೇಡ ಅಂತಿದ್ದಾರೆ, ನಿಜವೇ?" ಎಂಬುದು ಅವರ ಪ್ರಶ್ನೆ. ಅದರ ಜೊತೆಗೆ ಒಂದು ಫೋಟೋ ಕೂಡ ಇತ್ತು. ಕೇಕ್ ಮೇಲೆ ಉದುರಿಸಲು ಅವರು ತಂದಿಟ್ಟಿದ್ದ ಚಿನ್ನದ ಬಣ್ಣದ ಪುಡಿಯ ಪುಟ್ಟ ಡಬ್ಬಿ. ಅದರ ಮೇಲೆ 'ನಾನ್ ಟಾಕ್ಸಿಕ್' ಎಂದು ಬರೆದಿತ್ತು. ತಿನ್ನುವ ಪದಾರ್ಥ ಎಂದು ಎಲ್ಲಿಯೂ ಬರೆದಿರಲಿಲ್ಲ.

ನಮಗೆ ಯೋಚನೆಯಾದದ್ದು ಮೈದಾದ ಬಗ್ಗೆ ಅಲ್ಲ, ಆ ಡಬ್ಬಿಯ ಬಗ್ಗೆ. ಫಾರ್ವರ್ಡ್‌ಗಳು ನಮ್ಮನ್ನು ಒಂದು ಕಡೆ ಹೆದರಿಸುತ್ತಿರುವಾಗ, ಎಚ್ಚರ ವಹಿಸಬೇಕಾದ ವಸ್ತು ಇನ್ನೊಂದು ಕಡೆ ಸದ್ದಿಲ್ಲದೆ ಕೂತಿರುತ್ತದೆ. ಹಬ್ಬದ ಅಡುಗೆ ಮತ್ತು ಅಲಂಕಾರದ ಬಗ್ಗೆ ಹೆಚ್ಚು ಹರಿದಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೈದಾಕ್ಕೆ 'ಅಲೋಕ್ಸಾನ್' ಬೆರೆಸುತ್ತಾರೆಯೇ?

ಫಾರ್ವರ್ಡ್ ಹೇಳುವುದು: ಮೈದಾ ಬೆಳ್ಳಗಾಗಲು ಅಲೋಕ್ಸಾನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಮಧುಮೇಹ ಬರಿಸಲು ಬಳಸುವುದು ಇದನ್ನೇ.

ನಿಜವೇನು? ಎರಡನೇ ವಾಕ್ಯ ಸರಿ, ಮೊದಲನೆಯದು ತಪ್ಪು. ಸಂಶೋಧಕರು ಪ್ರಾಣಿಗಳಿಗೆ ಅಲೋಕ್ಸಾನ್ ಚುಚ್ಚುಮದ್ದು ಕೊಟ್ಟು, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿ ಮಧುಮೇಹವನ್ನು ಅಧ್ಯಯನ ಮಾಡುವುದುಂಟು. ಆದರೆ ಅಲೋಕ್ಸಾನ್ ಮೈದಾಕ್ಕೆ ಬೆರೆಸುವ ಬಿಳುಪುಕಾರಕ ಅಲ್ಲ. ಗೋಧಿಯ ಹೊಟ್ಟು ಮತ್ತು ಮೊಳಕೆಯ ಭಾಗವನ್ನು ತೆಗೆದು, ಒಳಗಿನ ಪಿಷ್ಟದ ಭಾಗವನ್ನಷ್ಟೇ ಬೀಸುವುದರಿಂದ ಮೈದಾ ಬೆಳ್ಳಗಿರುತ್ತದೆ. ಉಳಿದ ತೆಳು ಹಳದಿ ಬಣ್ಣ ಗಾಳಿಯ ಆಮ್ಲಜನಕ ತಾಗಿ ದಿನ ಕಳೆದಂತೆ ತಾನಾಗಿಯೇ ಕಡಿಮೆಯಾಗುತ್ತದೆ. ಕೆಲವು ಕಡೆ ಹಿಟ್ಟನ್ನು ಬಿಳುಪಾಗಿಸಲು ಬೇರೆ ರಾಸಾಯನಿಕಗಳನ್ನು ಬಳಸುವುದುಂಟು. ಅವುಗಳಲ್ಲಿ ಅಲೋಕ್ಸಾನ್ ಸೇರಿಲ್ಲ.

ಹಾಗೆಂದು ಮೈದಾ ದಿನವೂ ತಿನ್ನಬೇಕಾದ ಪದಾರ್ಥ ಎಂದು ಅರ್ಥವಲ್ಲ. ಹೊಟ್ಟು ಹೋದರೆ ನಾರಿನಂಶವೂ ಹೋಗುತ್ತದೆ. ಮೈದಾ, ಸಕ್ಕರೆ, ಬೆಣ್ಣೆ ಮೂರೂ ಸೇರಿದ ಕೇಕ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಈಗಾಗಲೇ ಮಧುಮೇಹ ಇರುವವರು ಅಳತೆ ನೋಡಿ ತಿನ್ನಬೇಕು. ಆದರೆ ಹಬ್ಬದ ದಿನ ತಿಂದ ಒಂದು ತುಂಡು ಕೇಕ್ ಯಾರ ಮೇದೋಜೀರಕ ಗ್ರಂಥಿಯನ್ನೂ ಸುಡುವುದಿಲ್ಲ.

ಇಂಥ ಫಾರ್ವರ್ಡ್‌ಗಳನ್ನು ಜನ ನಂಬಲು ಕಾರಣವಿಲ್ಲದಿಲ್ಲ. ಹಿಟ್ಟಿಗೆ ಬೆರೆಸುವ ರಾಸಾಯನಿಕದ ಬಗ್ಗೆ ಒಂದು ನಿಜವಾದ ಪ್ರಕರಣವೂ ನಡೆದಿತ್ತು. 2016ರ ಮೇ ತಿಂಗಳಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ, ಬ್ರೆಡ್ ಮಾದರಿಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಇರುವುದನ್ನು ಬಯಲಿಗೆ ತಂದಿತು. ಮುಂದಿನ ತಿಂಗಳೇ ಭಾರತದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಹಳೆಯ ನಿಜವೊಂದರ ನೆನಪಿನ ಮೇಲೆ ಹೊಸ ಸುಳ್ಳು ಸವಾರಿ ಮಾಡುವುದು ಹೀಗೆ.

"ಕೇಕ್ ತಿಂದರೆ ಕ್ಯಾನ್ಸರ್, ಸರ್ಕಾರವೇ ಹೇಳಿದೆ"

ಇದಕ್ಕೆ ಮೂಲ ನಮ್ಮ ರಾಜ್ಯದಲ್ಲೇ ಇದೆ. 2024ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಂದ ಸಂಗ್ರಹಿಸಿದ 235 ಕೇಕ್ ಮಾದರಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 12 ಮಾದರಿಗಳಲ್ಲಿ ಕೃತಕ ಬಣ್ಣಗಳು ಅಪಾಯಕಾರಿ ಮಟ್ಟದಲ್ಲಿದ್ದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕ್‌ಗಳ ಹೆಸರು ಮುಖ್ಯವಾಗಿ ಕೇಳಿಬಂತು. ಉಳಿದ 223 ಮಾದರಿಗಳು ಸುರಕ್ಷಿತವಾಗಿದ್ದವು.

ಸುದ್ದಿ ಫಾರ್ವರ್ಡ್ ಆಗುವಾಗ 12 ಎಂಬ ಅಂಕಿ ಉಳಿಯಿತು, 223 ಬಿದ್ದುಹೋಯಿತು. ಬಣ್ಣದ ಪ್ರಮಾಣದ ಮೇಲೆ ಕೊಟ್ಟ ಎಚ್ಚರಿಕೆ, ಎಲ್ಲ ಕೇಕ್ ಮೇಲಿನ ಆರೋಪವಾಯಿತು. ಮನೆಯಲ್ಲಿ ಕೇಕ್ ಮಾಡಿ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳಿಗೂ ಇದರ ಬಿಸಿ ತಟ್ಟುತ್ತದೆ.

ಭಾರತದಲ್ಲಿ ಆಹಾರಕ್ಕೆ ಬಳಸಬಹುದಾದ ಕೃತಕ ಬಣ್ಣಗಳ ಪಟ್ಟಿಯೇ ಇದೆ. ಅನುಮತಿ ಇರುವ ಬಣ್ಣಕ್ಕೂ ಮಿತಿ ಇದೆ: ಸಾಮಾನ್ಯವಾಗಿ ಒಂದು ಕೆಜಿ ಆಹಾರಕ್ಕೆ 100 ಮಿಲಿಗ್ರಾಂ. ಮನೆಯಲ್ಲಿ ಇದನ್ನು ತೂಗಿ ಹಾಕುವವರು ಯಾರೂ ಇಲ್ಲ. "ಇನ್ನೂ ಸ್ವಲ್ಪ ಕೆಂಪಾಗಲಿ" ಎಂದು ಚಮಚದಲ್ಲಿ ಸುರಿದಾಗ ಮಿತಿ ದಾಟುವುದು ಸುಲಭ. ಕಡುಗೆಂಪು ಬಣ್ಣವೇ ಬೇಕೆಂಬ ಹಟ ಬಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಬಿಡಿಯಾಗಿ ಪೊಟ್ಟಣದಲ್ಲಿ ಕಟ್ಟಿಕೊಡುವ, ಹೆಸರಿಲ್ಲದ ಬಣ್ಣಗಳನ್ನಂತೂ ಮನೆಗೆ ತರಲೇಬೇಡಿ. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದರಿಂದಲೇ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕ್ರಮ ಕೈಗೊಂಡಿದ್ದು.

ಬೀಟ್‌ರೂಟ್, ಅರಿಶಿನ, ಪಾಲಕ್ ಬಳಸಬಹುದೇ? ಖಂಡಿತ. ಆದರೆ ಬೀಟ್‌ರೂಟ್ ಬಣ್ಣ ಬಿಸಿಗೆ ಮಂಕಾಗುತ್ತದೆ. ಅದನ್ನು ಹಿಟ್ಟಿಗಿಂತ ಮೇಲಿನ ಕ್ರೀಮಿಗೆ ಹಾಕುವುದು ಮೇಲು. ಅರಿಶಿನ ಹಾಕಿದ ಹಿಟ್ಟಿಗೆ ಅಡುಗೆ ಸೋಡಾ ಹೆಚ್ಚಾದರೆ ಕೇಕ್‌ನಲ್ಲಿ ಕೆಂಪು ಕಲೆಗಳು ಕಾಣಬಹುದು. ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಕ್ಷಾರ ತಾಗಿದಾಗ ಅರಿಶಿನದ ಬಣ್ಣ ಬದಲಾಗುತ್ತದೆ, ಅಷ್ಟೇ.

ಫಾರ್ವರ್ಡ್ ಹೇಳದೇ ಹೋದದ್ದು: ಚಿನ್ನದ ಪುಡಿ

ಈಗ ಆ ಡಬ್ಬಿಯ ವಿಷಯಕ್ಕೆ ಬರೋಣ.

2018ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ, ಭೇದಿಯಿಂದ ಬಳಲಿದರು. ಕೇಕ್ ಮೇಲೆ ದಪ್ಪಗೆ ಹಚ್ಚಿದ್ದ ಗುಲಾಬಿ ಚಿನ್ನದ ಬಣ್ಣದ 'ಲಸ್ಟರ್ ಡಸ್ಟ್' ಎಂಬ ಮಿನುಗು ಪುಡಿಯನ್ನು ಪರೀಕ್ಷಿಸಿದಾಗ, ಅದರಲ್ಲಿದ್ದದ್ದು ಬಹುಪಾಲು ನುಣ್ಣನೆಯ ತಾಮ್ರದ ಪುಡಿ. ಮರುವರ್ಷ ಮಿಸೌರಿ ರಾಜ್ಯದಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸದ ಅಂಶ ಹೆಚ್ಚಿರುವುದು ಗೊತ್ತಾಯಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಮೊದಲ ಹುಟ್ಟುಹಬ್ಬದ ಕೇಕ್ ಮೇಲಿದ್ದ ತೆಳು ಹಳದಿ ಬಣ್ಣದ ಪುಡಿ. ಅದರ ತೂಕದ ಶೇ. 25ರಷ್ಟು ಸೀಸವೇ ಆಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಅಕ್ಟೋಬರ್‌ನಲ್ಲಿ ಈ ಎರಡೂ ಪ್ರಕರಣಗಳ ವರದಿ ಪ್ರಕಟಿಸಿತು.

ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಮಕ್ಕಳ ದೇಹಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣ ಎಂಬುದೇ ಅದಕ್ಕಿಲ್ಲ. ಅದಕ್ಕೆ ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಸುಳಿವು ಸಿಗುವುದಿಲ್ಲ.

ಇಲ್ಲಿ ತಿಳಿದುಕೊಳ್ಳಬೇಕಾದ ಮಾತು ಒಂದೇ. 'ನಾನ್ ಟಾಕ್ಸಿಕ್' ಎಂದರೆ 'ತಿನ್ನಬಹುದು' ಎಂದು ಅರ್ಥವಲ್ಲ. ಮಕ್ಕಳ ಬಣ್ಣದ ಪೆನ್ಸಿಲ್ ಮೇಲೂ ಹಾಗೆಯೇ ಬರೆದಿರುತ್ತದೆ. ಅದನ್ನು ನಾವು ಪಾಯಸಕ್ಕೆ ಹಾಕುತ್ತೇವೆಯೇ? ಕರಕುಶಲ ಸಾಮಗ್ರಿಯ ಅಂಗಡಿಯ ಚಮಕಿ ಅಥವಾ ಗ್ಲಿಟರ್ ಹೆಚ್ಚಾಗಿ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯ ಚೂರು. ಅದು ನಕ್ಷತ್ರಕ್ಕೆ, ಗ್ರೀಟಿಂಗ್ ಕಾರ್ಡಿಗೆ ಸರಿ. ಕೇಕಿಗೆ ಅಲ್ಲ.

ಕೊಳ್ಳುವಾಗ ಲೇಬಲ್‌ನಲ್ಲಿ ನೋಡಬೇಕಾದದ್ದು:

• 'ಎಡಿಬಲ್', ಅಂದರೆ ತಿನ್ನಲು ಯೋಗ್ಯ ಎಂಬ ಸ್ಪಷ್ಟ ಬರಹ
• ಪದಾರ್ಥಗಳ ಪಟ್ಟಿ: ಸಕ್ಕರೆ, ಗಮ್ ಅರೇಬಿಕ್, ಮಾಲ್ಟೋಡೆಕ್ಸ್‌ಟ್ರಿನ್, ಕಾರ್ನ್ ಸ್ಟಾರ್ಚ್‌ನಂಥ ಆಹಾರ ಪದಾರ್ಥಗಳ ಹೆಸರು
• ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆ
• ತಯಾರಾದ ದಿನಾಂಕ ಮತ್ತು ಯಾವಾಗಿನವರೆಗೆ ಬಳಸಬಹುದು ಎಂಬ ವಿವರ

ಪಟ್ಟಿಯೇ ಇಲ್ಲದಿದ್ದರೆ, ಅಥವಾ 'ಅಲಂಕಾರಕ್ಕೆ ಮಾತ್ರ' ಎಂದಿದ್ದರೆ ಅದು ಆಹಾರವಲ್ಲ. ನೀರಿನಲ್ಲಿ ಕರಗಿಸಿ ನೋಡುವುದು, ಬೆರಳಿನಲ್ಲಿ ಉಜ್ಜಿ ನೋಡುವುದು ಇಂಥ ಮನೆ ಪರೀಕ್ಷೆಗಳಿಂದ ಸೀಸ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಮಿನುಗು ಬೇಕೇ ಬೇಕೆಂದರೆ ಕಲ್ಲುಸಕ್ಕರೆಯನ್ನು ತರಿತರಿಯಾಗಿ ಕುಟ್ಟಿ ಉದುರಿಸಿ. ದೀಪದ ಬೆಳಕಿಗೆ ಚೆನ್ನಾಗಿಯೇ ಹೊಳೆಯುತ್ತದೆ. ಅಥವಾ ಕಾಗದವನ್ನು ನಕ್ಷತ್ರದ ಆಕಾರದಲ್ಲಿ ಕತ್ತರಿಸಿ ಕೇಕ್ ಮೇಲಿಟ್ಟು, ಜರಡಿಯಲ್ಲಿ ಪುಡಿ ಸಕ್ಕರೆ ಉದುರಿಸಿ, ಕಾಗದ ತೆಗೆಯಿರಿ. ಮಕ್ಕಳೇ ಮಾಡಬಹುದಾದ ಕೆಲಸ.

ಕುಕ್ಕರ್‌ನಲ್ಲಿ ಕೇಕ್ ಮಾಡಿದರೆ ಸಿಡಿಯುತ್ತದೆಯೇ?

ಕುಕ್ಕರ್ ಸಿಡಿಯುವುದು ಒಳಗೆ ಒತ್ತಡ ಕಟ್ಟಿಕೊಂಡು ಹೊರಗೆ ಹೋಗಲು ದಾರಿ ಇಲ್ಲದಾಗ. ಮುಚ್ಚಳದ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದಿಟ್ಟರೆ ಒತ್ತಡ ಕಟ್ಟುವುದಿಲ್ಲ. ಅರ್ಧ ನಿಮಿಷದ ವಿಡಿಯೋಗಳಲ್ಲಿ ಹಾರಿಹೋಗುವುದು ಈ ಹಂತವೇ. ಅದನ್ನು ನೋಡದೆ ಮಾಡಿದವರಿಗೆ ಅಪಾಯ ನಿಜ.

ಇನ್ನೊಂದು ವಿಷಯ. ನೀರಿಲ್ಲದ ಕುಕ್ಕರನ್ನು ಜೋರು ಉರಿಯಲ್ಲಿ ಕಾಯಿಸಿದರೆ ತಳ ಸೊಟ್ಟಗಾಗಬಹುದು. ಆಮೇಲೆ ಅದೇ ಕುಕ್ಕರ್‌ನಲ್ಲಿ ಅನ್ನ, ಬೇಳೆ ಬೇಯಿಸುವಾಗ ಮುಚ್ಚಳ ಸರಿಯಾಗಿ ಕೂರದಿದ್ದರೆ ತೊಂದರೆ. ಹಾಗಾಗಿ ನಮ್ಮ ಸಲಹೆ: ಕುಕ್ಕರ್ ಬದಲು ದಪ್ಪ ತಳದ ಹಳೆಯ ಪಾತ್ರೆ, ಅದಕ್ಕೊಂದು ಮುಚ್ಚಳ ಬಳಸಿ. ತಳದಲ್ಲಿ ಒಂದು ಅಂಗುಲ ಪುಡಿ ಉಪ್ಪು ಅಥವಾ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಕೇಕ್ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷದ ಆಸುಪಾಸು ಬೇಯಿಸಿದರೆ ಸಾಕು. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಬಿಸಿಯಾದ ಉಪ್ಪಿನಿಂದ ವಿಷದ ಗಾಳಿ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಉಪ್ಪು ಕರಗಲು ಬೇಕಾದ ಶಾಖವೇ ಸುಮಾರು 800 ಡಿಗ್ರಿ ಸೆಲ್ಸಿಯಸ್. ಕೇಕ್ ಬೇಯುವುದು 180 ಡಿಗ್ರಿಯ ಆಸುಪಾಸಿನಲ್ಲಿ. ಹೆದರಬೇಕಿಲ್ಲ. ಅದೇ ಉಪ್ಪನ್ನು ಡಬ್ಬದಲ್ಲಿಟ್ಟು ಮತ್ತೆ ಮತ್ತೆ ಕೇಕ್ ಮಾಡಲು ಬಳಸಬಹುದು.

ಪಾತ್ರೆಯ ಒಳಗೆ ಹಳೆ ನ್ಯೂಸ್ ಪೇಪರ್ ಹಾಸುವ ಅಭ್ಯಾಸ ಮಾತ್ರ ಬೇಡ. ಮುದ್ರಣದ ಶಾಯಿಯಲ್ಲಿ ಸೀಸದಂಥ ಅಂಶಗಳಿರಬಹುದು. ಎಣ್ಣೆ, ಬೆಣ್ಣೆ ತಾಗಿದಾಗ ಅದು ಆಹಾರಕ್ಕೆ ಇಳಿಯುತ್ತದೆ. ಆಹಾರವನ್ನು ಪತ್ರಿಕೆಯಲ್ಲಿ ಸುತ್ತಿಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮಗಳೇ ನಿಷೇಧಿಸಿವೆ. ಬಟರ್ ಪೇಪರ್ ಹಾಸಿ. ಇಲ್ಲವಾದರೆ ಪಾತ್ರೆಗೆ ಬೆಣ್ಣೆ ಸವರಿ ಮೇಲೆ ಹಿಟ್ಟು ಉದುರಿಸಿದರೂ ಸಾಕು.

ಹಸಿ ಹಿಟ್ಟು ನೆಕ್ಕಿದರೆ ಏನಾಗುತ್ತದೆ?

ಕೇಕ್ ಹಿಟ್ಟಿನ ಪಾತ್ರೆಯನ್ನು ಬೆರಳಲ್ಲಿ ಬಳಿದು ನೆಕ್ಕುವುದು ಎಲ್ಲ ಮನೆಯ ಮಕ್ಕಳ ಹಕ್ಕು ಎಂದು ನಾವು ಅಂದುಕೊಂಡಿದ್ದೇವೆ. "ಮೊಟ್ಟೆ ಹಾಕಿಲ್ಲ, ಪರವಾಗಿಲ್ಲ" ಎನ್ನುವುದೂ ಉಂಟು. ಆದರೆ ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಹಿಟ್ಟೂ ರೋಗಾಣುಗಳನ್ನು ಹೊತ್ತು ತರಬಲ್ಲದು. ಗೋಧಿ ಹೊಲದಿಂದ ಬರುತ್ತದೆ. ಬೀಸುವಾಗ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅಮೆರಿಕದಲ್ಲಿ 2016ರಲ್ಲಿ ಹಿಟ್ಟಿನ ಮೂಲಕ ಹರಡಿದ ಇ-ಕೋಲೈ ಸೋಂಕು 24 ರಾಜ್ಯಗಳ 63 ಜನರನ್ನು ಕಾಯಿಲೆಗೆ ಬೀಳಿಸಿತ್ತು. ಬೇಯಿಸಿದ ಮೇಲೆ ಈ ಭಯವಿಲ್ಲ. ಮಕ್ಕಳಿಗೆ ಹಸಿ ಹಿಟ್ಟಿನ ಬದಲು ಮೊದಲು ಬೆಂದ ಒಂದು ತುಂಡು ಕೊಡಿ.

ಹಿಟ್ಟಿನಿಂದಲೇ ಮಾಡುವ ಅಲಂಕಾರವೂ ಒಂದಿದೆ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಒಂದು ಲೋಟ ನೀರು ಕಲಸಿ, ನಕ್ಷತ್ರ, ಗಂಟೆಯ ಆಕಾರ ಕತ್ತರಿಸಿ, ಕಡಿಮೆ ಶಾಖದಲ್ಲಿ ಒಣಗಿಸಿ ಮರಕ್ಕೆ ತೂಗುಹಾಕುತ್ತಾರೆ. ಅಗ್ಗ, ಚಂದ, ಪ್ಲಾಸ್ಟಿಕ್ ಬೇಕಿಲ್ಲ. ಆದರೆ ಅದು ನೋಡಲು ಥೇಟ್ ಬಿಸ್ಕತ್ತಿನಂತೆಯೇ ಇರುತ್ತದೆ. ಅದರಲ್ಲಿರುವ ಉಪ್ಪು ಪುಟ್ಟ ಮಕ್ಕಳಿಗೆ ಮತ್ತು ನಾಯಿಗಳಿಗೆ ವಿಷವಾಗುವಷ್ಟು. ಹಿಟ್ಟಿನ ವಾಸನೆಗೆ ನಾಯಿಗಳು ಬೇಗ ಬಾಯಿ ಹಾಕುತ್ತವೆ. ಹಾಗಾಗಿ ಇದನ್ನು ಎತ್ತರದಲ್ಲಿ ಕಟ್ಟಿ, ತಿನ್ನುವ ಬಿಸ್ಕತ್ತಿನ ತಟ್ಟೆಯಿಂದ ದೂರವಿಡಿ.

ಕೆಂಪು ಎಲೆಯ ಗಿಡ ವಿಷವೇ?

ಕ್ರಿಸ್‌ಮಸ್ ಹೊತ್ತಿಗೆ ನರ್ಸರಿಗಳಲ್ಲಿ ಕಾಣುವ ಕೆಂಪು ಎಲೆಯ ಪಾಯಿನ್‌ಸೆಟಿಯಾ ಗಿಡ ಮನೆಯಲ್ಲಿದ್ದರೆ ಮಕ್ಕಳು ಸಾಯುತ್ತಾರೆ ಎಂಬ ಮಾತು ನೂರು ವರ್ಷ ಹಳೆಯದು. 1919ರಲ್ಲಿ ಹವಾಯಿಯಲ್ಲಿ ಒಂದು ಮಗು ಇದರ ಎಲೆ ತಿಂದು ಸತ್ತಿತು ಎಂಬ ಕತೆಯಿಂದ ಹಬ್ಬಿದ್ದು. ಆ ಕತೆಗೆ ಆಧಾರ ಸಿಗಲಿಲ್ಲ. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ಬಂದ 22,793 ಪ್ರಕರಣಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೂ ಸಾವು ಕಂಡುಬರಲಿಲ್ಲ. ಅದರ ಹಾಲು ಚರ್ಮಕ್ಕೆ ತಾಗಿದರೆ ತುರಿಕೆ ಬರಬಹುದು, ಎಲೆ ತಿಂದರೆ ಹೊಟ್ಟೆ ಕೆಡಬಹುದು. ಅಷ್ಟೇ.

ಆದರೆ ನಮ್ಮ ಅಂಗಳದಲ್ಲೇ ಇರುವ ಎರಡು ವಸ್ತುಗಳ ಬಗ್ಗೆ ನಾವು ಅಷ್ಟು ಮಾತಾಡುವುದಿಲ್ಲ.

ಮೊದಲನೆಯದು ಕಣಗಿಲೆ. ಪೂಜೆಗೆ ಬಳಸುವ ಹೂವೇ. ಆದರೆ ಕೆಂಪು, ಬಿಳಿ, ಹಳದಿ ಕಣಗಿಲೆ ಯಾವುದೇ ಇರಲಿ, ಹೂವು, ಎಲೆ, ಬೀಜ, ಕಾಂಡ ಎಲ್ಲದರಲ್ಲೂ ಹೃದಯದ ಬಡಿತ ಏರುಪೇರು ಮಾಡುವ ವಿಷವಿದೆ. ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಇದೇ ಕಾರಣವಿರಬಹುದೆಂಬ ಶಂಕೆ ಬಂದ ಮೇಲೆ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದದಲ್ಲಿ ಇದರ ಬಳಕೆಯನ್ನು ನಿಲ್ಲಿಸಿತು. ಕೇಕ್ ಮೇಲೆ, ತಿಂಡಿಯ ತಟ್ಟೆಯಲ್ಲಿ ಇದನ್ನು ಇಡಲೇಬೇಡಿ. ಹೂವೇ ಬೇಕಿದ್ದರೆ ಔಷಧ ಸಿಂಪಡಿಸದ ನಾಟಿ ಗುಲಾಬಿಯ ಎಸಳು ಸಾಕು.

ಎರಡನೆಯದು ಗುಲಗಂಜಿ. ಮಣ್ಣಿನ ಗೊಂಬೆಗಳಿಗೆ ಕಣ್ಣಾಗಿ ಚೆನ್ನಾಗಿ ಕಾಣುತ್ತದೆ. ಅದರೊಳಗಿನ ಅಬ್ರಿನ್ ಬಹಳ ತೀಕ್ಷ್ಣ ವಿಷ. ಗಟ್ಟಿ ಸಿಪ್ಪೆ ಇರುವವರೆಗೆ ಅದು ಒಳಗೇ ಇರುತ್ತದೆ. ಸೂಜಿಯಿಂದ ತೂತು ಮಾಡಿದರೆ, ಮಗು ಕಚ್ಚಿ ಒಡೆದರೆ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದರ ಬದಲು ಬಟನ್ ಅಥವಾ ಬಣ್ಣದ ಚುಕ್ಕಿ ಇಡಿ.

ದೀಪದಲ್ಲಿರುವ ಚಿಕ್ಕ ಸೆಲ್

ಎಲ್‌ಇಡಿ ಮೇಣದ ಬತ್ತಿ, ಹಾಡುವ ಕಾರ್ಡ್, ಮಿನುಗುವ ಪುಟ್ಟ ಗೊಂಬೆಗಳಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಮಗು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾದ ಸುಟ್ಟ ಗಾಯ ಆಗಬಹುದು. ಕೊಳ್ಳುವಾಗ ಸೆಲ್ ಇರುವ ಜಾಗಕ್ಕೆ ಸ್ಕ್ರೂ ಹಾಕಿದ ಮುಚ್ಚಳ ಇದೆಯೇ ನೋಡಿ. ಮಗು ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ, "ಹೊರಗೆ ಬರುತ್ತದೆ ಬಿಡಿ" ಎಂದು ಕಾಯಲೂಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಗೋದಲಿಯಲ್ಲಿ ಥರ್ಮಾಕೋಲ್, ಹತ್ತಿ, ಒಣಹುಲ್ಲು ಇದ್ದರೆ ಅದರ ಹತ್ತಿರ ನಿಜವಾದ ಮೇಣದ ಬತ್ತಿ ಬೇಡ. ಇವು ಮೂರೂ ಬೇಗ ಹೊತ್ತಿಕೊಳ್ಳುತ್ತವೆ. ಸೀರಿಯಲ್ ಸೆಟ್‌ನ ವೈರ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಹಾಕುವುದಕ್ಕಿಂತ ಬದಲಾಯಿಸುವುದು ಲೇಸು. ಮಲಗುವ ಮುನ್ನ ಸ್ವಿಚ್ ಆರಿಸಿ.

ಒಟ್ಟಾರೆ ಹೇಳುವುದಾದರೆ

ಹಬ್ಬದ ಮನೆಯಲ್ಲಿ ಒಂದು ಗೆರೆ ಎಳೆದುಕೊಂಡರೆ ಸಾಕು. ಗೆರೆಯ ಈಚೆ ತಿನ್ನುವುದು, ಆಚೆ ನೋಡುವುದು. ಗೋಡೆಗೆ ಅಂಟಿಸುವ ವಸ್ತು ತಟ್ಟೆಗೆ ಬರಬಾರದು. ಈ ಗೆರೆ ಸರ್ಕಾರದ ನಿಯಮದಲ್ಲೂ ಇದೆ. ದೀಪದ ತುಪ್ಪ, ಪೂಜೆಯ ಎಣ್ಣೆಯಂಥ, ತಿನ್ನಲು ಅಲ್ಲದ ಪೊಟ್ಟಣಗಳ ಮೇಲೆ ಚೌಕದೊಳಗೆ ಕಪ್ಪು ಗುಣಾಕಾರ ಚಿಹ್ನೆ ಇರಬೇಕೆಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ. ಆ ಗುರುತು ಕಂಡರೆ ಅದನ್ನು ಕೇಕಿಗಾಗಲಿ ಕುಸ್ವಾರಿನ ತಿಂಡಿ ಕರಿಯಲಿಕ್ಕಾಗಲಿ ಬಳಸಬೇಡಿ.

ಮನೆಯ ಕೇಕ್ ಮಾರುವ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ. ಯಾರಾದರೂ ಫಾರ್ವರ್ಡ್ ತೋರಿಸಿ ಪ್ರಶ್ನಿಸಿದಾಗ ನೀವು ಬಳಸಿದ ಪದಾರ್ಥಗಳ ಪಟ್ಟಿಯನ್ನೇ ಧೈರ್ಯವಾಗಿ ತೋರಿಸಬಹುದು.

ನಮಗೆ ಪ್ರಶ್ನೆ ಕಳಿಸಿದ ಓದುಗರಿಗೆ ನಾವು ಬರೆದ ಉತ್ತರ ಚಿಕ್ಕದು: "ಮೈದಾ ಇರಲಿ, ಅತ್ತೆಯವರಿಗೆ ಸಮಾಧಾನ ಹೇಳಿ. ಆ ಡಬ್ಬಿಯನ್ನು ಮಾತ್ರ ಅಡುಗೆಮನೆಯಿಂದ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕೇಕಿಗೆ ಕಲ್ಲುಸಕ್ಕರೆ ಸಾಕು." ಎರಡು ದಿನದ ನಂತರ ಅವರಿಂದ ಒಂದು ಫೋಟೋ ಬಂತು. ಕೇಕ್ ಸ್ವಲ್ಪ ಒಂದು ಕಡೆ ವಾಲಿತ್ತು. ಮೇಲೆ ಕಲ್ಲುಸಕ್ಕರೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅತ್ತೆಯವರು ಚಾಕು ಹಿಡಿದು ನಿಂತಿದ್ದರು.